ಪಟ್ನಾದ ಹವೆಯೂ ನಮ್ಮ ಖಡಕ್ ರೊಟ್ಟಿಯೂ

ಹರಪನಹಳ್ಳಿಯ ಬಿಸಿಲನ್ನು ಬೈಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. (ಬಿಸಿಲಿಗೆ ಎಂದೂ ಉರಿದದ್ದಿಲ್ಲ, ಇವರ ಮಾತಿಗೇ ಉರಿಯುವುದು.) ನಮ್ಮೂರಿನಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಬೇಸಿಗೆಗೆ ಮುಂಚಿನ ಬೇಸಿಗೆ ಎಂದು ಹೊರಗಿನವರು ನಗುತ್ತಾರೆ. ನಗಲಿ. ಆ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ಸಂಡಿಗೆ ಸಂಜೆಗೆ ಡಬ್ಬಿ ಸೇರುತ್ತದೆ. ಒಗೆದ ಸೀರೆಯ ಒಂದು ತುದಿಯನ್ನು ಹಗ್ಗಕ್ಕೆ ಹಾಕಿ ಇನ್ನೊಂದು ತುದಿ ಹರವುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ. ಯುಗಾದಿಗೆ ನಾನು ತಟ್ಟಿಟ್ಟ ಖಡಕ್ ರೊಟ್ಟಿಯನ್ನು ಕಾರಹುಣ್ಣಿಮೆಗೆ ತೆಗೆದು ಮುರಿದರೂ ಕಟಕ್ ಎನ್ನುತ್ತದೆ. ಬುಟ್ಟಿಗೆ ಮುಚ್ಚಳ ಹಾಕುವ ಪದ್ಧತಿಯೇ ನಮ್ಮಲ್ಲಿಲ್ಲ. ಮಂಡಕ್ಕಿ ಚೀಲದ ಬಾಯಿ ಕಟ್ಟುವವರನ್ನು ನಮ್ಮ ಓಣಿಯಲ್ಲಿ ನಾನು ಇವತ್ತಿನವರೆಗೆ ನೋಡಿಲ್ಲ.

ಇಂಥ ಪುಣ್ಯಕ್ಷೇತ್ರದಲ್ಲಿ ಹುಟ್ಟಿ ಬೆಳೆದ ನನ್ನ ಒಬ್ಬಳೇ ಮಗಳು ಯಶೋಧಾಳನ್ನು ಬ್ಯಾಂಕಿನವರು ತೊಂಬತ್ತೇಳರ ದೀಪಾವಳಿಗೆ ಪಟ್ನಾಕ್ಕೆ ಎಸೆದರು. ನೇರವಾಗಿ ಅವಳನ್ನಲ್ಲ, ಅವಳ ಗಂಡ ಶಿವಶಂಕರನನ್ನು. ದಾವಣಗೆರೆಯಲ್ಲಿ ತಣ್ಣಗೆ ಕೂತಿದ್ದ ಅಳಿಯಂದಿರಿಗೆ ಬಡ್ತಿ ಎಂಬ ಪದವಿ ಕೊಟ್ಟು, ಅದರ ಜೊತೆಗೆ ಎರಡೂವರೆ ದಿನದ ರೈಲು ಪ್ರಯಾಣವನ್ನೂ ಕೊಟ್ಟರು.

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಯಶೋಧಾ ನಮ್ಮ ಬಸ್‌ಸ್ಟ್ಯಾಂಡಿನ ಫಿರೋಜನ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡುತ್ತಿದ್ದಳು. ನಾನು, ನಮ್ಮ ಯಜಮಾನರು ಹುಲುಗಣ್ಣ, ಜೊತೆಗೆ ಬಸ್ಸಿಗೆ ಕಾಯುತ್ತಿದ್ದ ತೆಲಿಗಿ, ಚಿಗಟೇರಿಯ ಪ್ರಯಾಣಿಕರು, ಎಲ್ಲರೂ ಸೇರಿ ಆ ಫೋನ್ ಕೇಳುತ್ತಿದ್ದೆವು. ಅವಳು ಹೇಳುತ್ತಿದ್ದದ್ದು ಹವೆಯ ಸುದ್ದಿ ಒಂದೇ.

ನವೆಂಬರಿನಲ್ಲಿ, "ಅವ್ವಾ, ಇಲ್ಲಿ ಹವಾ ಭಾಳ ಚಂದ ಐತಿ" ಅಂದಳು. ಜನವರಿಯಲ್ಲಿ, "ಎಂಟು ದಿನ ಆತು, ಸೂರ್ಯಪ್ಪ ಕಂಡಿಲ್ಲ. ಮಂಜಿನಾಗ ಎದುರುಮನಿನೂ ಕಾಣವಲ್ದು. ಎರಡು ಸ್ವೆಟರ್ ಹಾಕ್ಕಂಡು ರೊಟ್ಟಿ ಬಡೀತೀನಿ" ಅಂದಳು. ಎದುರುಮನೆ ಕಾಣದಿದ್ದರೆ ಹೆಂಗಸರು ಹೊತ್ತು ಹೇಗೆ ಕಳೆಯುತ್ತಾರೆ ಎಂದು ನನಗೆ ಚಿಂತೆಯಾಯಿತು. ಮೇ ತಿಂಗಳಲ್ಲಿ, "ಅವ್ವಾ, ಇಲ್ಲಿ ನಮ್ಮೂರಿಗಿಂತ ಬಿಸಲು" ಎಂದು ಒಂದು ಮಾತು ಅಂದುಬಿಟ್ಟಳು. ನನಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳಬ್ಯಾಡ, ನಾಲಿಗಿ ಸೇದಿ ಹೋಗ್ತೈತಿ" ಎಂದು ಫೋನ್ ಇಟ್ಟೆ. ನಮ್ಮೂರಿಗೆ ಅಂತ ಇರುವುದು ಅದೊಂದು. ಅದನ್ನೂ ಪಟ್ನಾದವರು ಕಸಿದುಕೊಂಡರೆ ಹೇಗೆ?

ಆದರೆ ಜುಲೈನಲ್ಲಿ ಫೋನ್ ಎತ್ತಿದರೆ ಆ ಕಡೆಯಿಂದ ಅಳುವೇ ಕೇಳಿತು.

"ಅವ್ವಾ, ಮಳಿ ಹತ್ತೇತಿ, ಸೆಕಿ ಹೋಗವಲ್ದು. ಸುಮ್ಮನ ಕುಂತ್ರೂ ಬೆವರು, ಆ ಬೆವರು ಆರಂಗಿಲ್ಲ. ಉಪ್ಪು ನೀರಾಗೇತಿ. ಕಡ್ಡಿಪೆಟ್ಟಿಗಿ ಹೊತ್ತವಲ್ದು. ನನ್ನ ಮದುವಿ ಸೀರಿಗೆ ಬೂಸಲು ಬಂದೈತಿ. ಸೆಪ್ಟೆಂಬರಿನತನಕ ಹಿಂಗಽ ಅಂತ. ಮುಂದಿನ ವರ್ಷನೂ ಹಿಂಗಽ ಅಂತ. ನನಗ ಇಲ್ಲಿ ಇರಾಕ ಆಗಂಗಿಲ್ಲ. ಹೆಂಗರ ಮಾಡಿ ನಮ್ಮನ್ನ ಊರ ಕಡಿ ಕರಸ್ಕೋಬೇ!"

ಅಳು ನಿಂತ ಮೇಲೆ ವಿಷಯ ತಿಳಿಯಿತು. ಆಗಸ್ಟಿನ ಒಂದು ಶನಿವಾರ ಶಿವಶಂಕರನ ಬ್ಯಾಂಕನ್ನು ತಪಾಸಣೆ ಮಾಡಲು ದೊಡ್ಡ ಸಾಹೇಬರು ಬರುತ್ತಾರೆ. ಮುಖ್ಯ ಕಚೇರಿಯಲ್ಲಿ ಅವರ ಮಾತು ಬಹಳ ನಡೆಯುತ್ತದೆ. ಅವರು ಮನಸ್ಸು ಮಾಡಿದರೆ ವರ್ಗ ಇವತ್ತು ಬೇಕೆಂದರೆ ಇವತ್ತು. ಅವತ್ತು ಮಧ್ಯಾಹ್ನ ಅವರ ಊಟ ಇವರ ಮನೆಯಲ್ಲಿ.

"ನೀನು ಬಂದು ಏನರ ಮಾಡಿಹಾಕು. ಇಲ್ಲಿ ತಿನ್ನದಂಥದ್ದು, ಅವರು ಮರೀಲಾರದಂಥದ್ದು" ಅಂದಳು ಯಶೋಧಾ.

ನಾನು ಅವತ್ತೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತೆ. ನೂರಾ ಇಪ್ಪತ್ತು ರೊಟ್ಟಿ ಬಡಿದೆ. ಶೇಂಗಾ ಚಟ್ನಿಪುಡಿ ಕುಟ್ಟಿದೆ. ಮಕ್ತುಂ ಸಾಬರ ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿ ಒಂದು ಚೀಲ ತರಿಸಿದೆ. ಹಿಟ್ಟಿನ ಗಿರಣಿ ನಡೆಸುವ ನಮ್ಮ ಯಜಮಾನರು ಅದನ್ನೆಲ್ಲ ನೋಡಿ ಹಣೆ ಒತ್ತಿಕೊಂಡರು.

"ಲೇ, ಪಟ್ನಾಕ್ಕೆ ಮಂಡಕ್ಕಿ ಹೊತ್ಕಂಡು ಹೋಗ್ತಾರೇನಲೇ? ಅಲ್ಲೂ ಮಂಡಕ್ಕಿ ಸಿಗ್ತೈತಂತ."

"ಸಿಗ್ತಿರಬೋದು. ಹರಪನಹಳ್ಳಿ ಮಂಡಕ್ಕಿ ಸಿಗ್ತೈತೇನು?"

"ರೈಲಿನಾಗ ಚೀಲ ನಾನು ಹೊರಾದಲ್ಲ."

"ಚೀಲ ಹಗುರ ಐತಿ, ಹೊರ್ರಿ. ಮಗಳು ಅಳಾಕಹತ್ತ್ಯಾಳ."

ಹೊತ್ತರು. ಬೆಂಗಳೂರಿನಲ್ಲಿ ರೈಲು ಹತ್ತಿದ ಮೇಲೆ ಆ ಚೀಲಕ್ಕೆ ಒಂದು ಬರ್ತು, ನಮ್ಮಿಬ್ಬರಿಗೆ ಸೇರಿ ಇನ್ನೊಂದು ಬರ್ತು. ನಾಗಪುರ ದಾಟುವವರೆಗೂ ರೊಟ್ಟಿ ಕಟಕ್ ಎನ್ನುತ್ತಿತ್ತು, ನಾನೇ ಪರೀಕ್ಷೆ ಮಾಡಿದ್ದೇನೆ.

ಮಂಗಳವಾರ ಮಧ್ಯಾಹ್ನ ಪಟ್ನಾದಲ್ಲಿ ಇಳಿದೆವು. ಇಳಿದ ಕೂಡಲೇ ಯಾರೋ ಬಿಸಿನೀರಿನಲ್ಲಿ ಅದ್ದಿದ ಕಂಬಳಿಯನ್ನು ಮೈಮೇಲೆ ಹೊದಿಸಿದ ಹಾಗಾಯಿತು. ಮನೆ ಮುಟ್ಟುವಷ್ಟರಲ್ಲಿ ನಮ್ಮ ಯಜಮಾನರ ಅಂಗಿ ಹಿಂಡುವ ಸ್ಥಿತಿಗೆ ಬಂದಿತ್ತು. ಆದರೂ ಅವರು ಧೈರ್ಯಗೆಡಲಿಲ್ಲ. ಸೆಕೆಗೆ ನಮ್ಮೂರಿನಲ್ಲಿ ಒಂದೇ ಮದ್ದು, ನೀರು. ಯಾರನ್ನೂ ಕೇಳದೆ ಎರಡು ಗೋಣಿಚೀಲ ತೋಯಿಸಿ ಕಿಟಕಿಗಳಿಗೆ ಕಟ್ಟಿದರು. ನಡುಮನೆಯ ನೆಲಕ್ಕೆ ನಾಲ್ಕು ಕೊಡ ನೀರು ಚೆಲ್ಲಿದರು. "ಇನ್ನ ಹತ್ತು ನಿಮಿಷಕ್ಕ ಹೆಂಗ ತಂಪಾಕ್ಕೈತಿ ನೋಡ್ರಿ" ಎಂದು ಗೋಡೆಗೆ ಒರಗಿ ಕೂತರು. ಹತ್ತು ನಿಮಿಷಕ್ಕೆ ಆ ಮನೆ ಇಡ್ಲಿ ಪಾತ್ರೆಯಾಯಿತು, ನಾವು ಮೂರು ಜನ ಇಡ್ಲಿಗಳಾದೆವು.

"ಅಪ್ಪಾ, ಇದು ಹರಪನಹಳ್ಳಿ ಅಲ್ಲಪ್ಪೋ!" ಎಂದು ಯಶೋಧಾ ಗೋಣಿಚೀಲ ಕಿತ್ತು ಹೊರಗೆ ಎಸೆದಳು. ನಾನು ಗಂಡನನ್ನು ನೋಡಿ ಮನಸಾರೆ ನಕ್ಕೆ. ಆ ನಗು ಮರುದಿನ ಬೆಳಗಿನವರೆಗೆ ಬಾಳಿತು.

ಏಕೆಂದರೆ ನಾನು ಮಾಡಿದ್ದೂ ಅದೇ ತಪ್ಪು. ಊರಿನ ರೂಢಿಯಂತೆ ರೊಟ್ಟಿಯನ್ನು ತೆರೆದ ಬುಟ್ಟಿಗೆ ಸುರಿದು, ಮಂಡಕ್ಕಿ ಚೀಲದ ಬಾಯಿ ಬಿಚ್ಚಿಟ್ಟು ನೆಮ್ಮದಿಯಾಗಿ ಮಲಗಿದ್ದೆ. ಬೆಳಿಗ್ಗೆ ಒಂದು ರೊಟ್ಟಿ ಎತ್ತಿಕೊಂಡು ಮುರಿಯಲು ಹೋದೆ. ಮುರಿಯಲಿಲ್ಲ. ಮಡಚಿಕೊಂಡಿತು. ಇನ್ನೊಂದು ಸಲ ಮಡಚಿದೆ, ವಿನಯದಿಂದ ಇನ್ನೊಂದು ಸಲ ಮಡಚಿಕೊಂಡಿತು. ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕಿದರೆ ಸದ್ದೇ ಇಲ್ಲ, ಹತ್ತಿ ಅಗಿದ ಹಾಗೆ.

ಯಜಮಾನರು ಒಂದು ರೊಟ್ಟಿ ತೆಗೆದುಕೊಂಡು ಕುತ್ತಿಗೆ ಒರೆಸಿಕೊಂಡರು. "ಟವೆಲ್ಲಿಗಿಂತ ಚಲೋ ಐತಲೇ" ಅಂದರು. ನಾನು ಬುಟ್ಟಿ ಎಳೆದುಕೊಂಡು ಒಲೆ ಹಚ್ಚಿದೆ.

ಶನಿವಾರಕ್ಕೆ ಮೂರೇ ದಿನ. ರೊಟ್ಟಿಯನ್ನು ಹಂಚಿನ ಮೇಲೆ ಮತ್ತೆ ಕಾಯಿಸಿದೆ. ಹಂಚಿನ ಮೇಲೆ ಖಡಕ್ಕಾಗುತ್ತಿತ್ತು, ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಮತ್ತೆ ಸೋತು ಮಲಗುತ್ತಿತ್ತು. ಸ್ವಲ್ಪ ಬಿಸಿಲು ಕಂಡಿತೆಂದು ಮಾಳಿಗೆಯ ಮೇಲೆ ಹರವಿದೆ. ಕೊನೆಯ ರೊಟ್ಟಿ ಇಡುವಾಗ ಮೊದಲ ರೊಟ್ಟಿಯ ಮೇಲೆ ಹನಿ ಬಿತ್ತು. ಯಶೋಧಾ ಮೂಲೆಯಲ್ಲಿ ಕೂತು ಮತ್ತೆ ಅಳುವುದಕ್ಕೆ ಶುರು ಮಾಡಿದಳು. "ಇನ್ನ ನಾನು ಇಲ್ಲೇ ಬೂಸಲು ಹಿಡಿದು ಸಾಯಾಕಿ" ಅಂದಳು. ರೊಟ್ಟಿ ಹಾಳಾದರೆ ಹೋಗಲಿ, ಮಗಳನ್ನು ಈ ಬೆವರಿನಲ್ಲಿ ಬಿಟ್ಟು ಊರಿಗೆ ಹೋಗಿ ನಾನು ಹೇಗೆ ಉಣ್ಣಲಿ?

ಬುಧವಾರ ಸಂಜೆ ಅಳಿಯಂದಿರು ಬ್ಯಾಂಕಿನಿಂದ ಬಂದರು. ಕುಡಿಯುವುದಕ್ಕೆ ನೀರು ಕೊಡುವಾಗ ನನ್ನ ಕಣ್ಣು ಅವರ ಬೆನ್ನಿನ ಮೇಲೆ ಬಿತ್ತು. ಇಡೀ ಪಟ್ನಾ ತೊಯ್ದು ತೊಪ್ಪೆಯಾಗಿರುವಾಗ ಈ ಮನುಷ್ಯನ ಅಂಗಿ ಕೊರಳಿನ ಹತ್ತಿರ ಮಾತ್ರ ತೊಯ್ದು, ಬೆನ್ನೆಲ್ಲ ಗರಿಗರಿಯಾಗಿದೆ!

"ಅಳಿಯಂದ್ರ, ದಿನಾ ಎಲ್ಲಿ ಕುಂದರ್ತೀರಿ ನೀವು?" ಎಂದು ಪೊಲೀಸಿನವರ ಧಾಟಿಯಲ್ಲಿ ಕೇಳಿದೆ.

ಪಾಪದ ಹುಡುಗ ಬೆದರಿದ. "ಕಂಪ್ಯೂಟರ್ ಖೋಲಿಯಾಗ್ರಿ ಅತ್ತಿ. ಅಲ್ಲಿ ಎ.ಸಿ. ಐತ್ರಿ. ಕಂಪ್ಯೂಟರಿಗೆ ತೇವ ಆಗಬಾರದಂತ್ರಿ. ನಮ್ಮ ಮ್ಯಾನೇಜರು ಸೈತ ಬೂಟು ಹೊರಗ ಬಿಟ್ಟು ಒಳಗ ಬರ್ತಾರ್ರಿ."

"ಕೀಲಿ ಯಾರ ಹತ್ರ ಇರ್ತೈತಿ?"

"ನನ್ನ ಹತ್ರ ಇರ್ತೈತ್ರಿ" ಎಂದವನೇ, ಯಾಕೆ ಹೇಳಿದೆನೋ ಎಂಬಂತೆ ನಾಲಿಗೆ ಕಚ್ಚಿಕೊಂಡ.

ಹದಿನೈದು ಲಕ್ಷ ಜನ ಬೆವರುವ ಊರಿನಲ್ಲಿ ಒಂದು ಯಂತ್ರಕ್ಕೆ ಮಾತ್ರ ಹರಪನಹಳ್ಳಿಯ ಹವೆ! ನಾನು ಬುಟ್ಟಿ ಎತ್ತಿ ಅಳಿಯಂದಿರ ಮುಂದಿಟ್ಟೆ. "ಅತ್ತಿ, ಬ್ಯಾಡ್ರಿ, ನೌಕರಿ ಹೊಕ್ಕೈತ್ರಿ" ಎಂದು ಕೈಮುಗಿದರು. ಯಶೋಧಾ ಅಳು ನಿಲ್ಲಿಸಿ ಗಂಡನನ್ನು ಒಂದು ಸಲ ನೋಡಿದಳು. (ನನ್ನ ಮಗಳಲ್ಲವೇ!) ಗುರುವಾರ ಬೆಳಿಗ್ಗೆ ಶಿವಶಂಕರ ಬ್ಯಾಂಕಿಗೆ ಹೊರಟಾಗ ಒಂದು ಕೈಯಲ್ಲಿ ಮದುವೆಯ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಮಂಡಕ್ಕಿ ಚೀಲ.

ಶುಕ್ರವಾರ ಸಂಜೆ ಅವರು ಬಾಗಿಲಲ್ಲೇ ನಿಂತು ಕೂಗಿದರು. "ಅತ್ತಿ, ಆಗೇತ್ರಿ! ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ ಹಿಂದ ಬಿಸಿಗಾಳಿ ಬರ್ತೈತ್ರಿ, ಅಲ್ಲಿ ಸಾಲಾಗಿ ನಿಲ್ಲಿಸೀನ್ರಿ. ಮಧ್ಯಾಹ್ನ ಒಂದು ಮುರಿದು ನೋಡಿದ್ರ ಕ್ಯಾಶಿಯರ್ ಹೊಳ್ಳಿ ನೋಡಿದ್ರಿ!"

ನಮ್ಮ ಏರ್ಪಾಟು ಹೀಗಿತ್ತು. ಶನಿವಾರ ಮಧ್ಯಾಹ್ನ ತಪಾಸಣೆ ಮುಗಿದ ಮೇಲೆ ಶಿವಶಂಕರ ರೊಟ್ಟಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಸಾಹೇಬರ ಹಿಂದೆಯೇ ಮನೆಗೆ ತರುವುದು. ನಾನು ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಮಂಡಕ್ಕಿಗೆ ಮಿರ್ಚಿ ಕರಿದಿಟ್ಟಿರುವುದು. ಹನ್ನೆರಡಕ್ಕೆ ಮಿರ್ಚಿಯ ಮೊದಲ ಒಬ್ಬೆ ಎಣ್ಣೆಯಿಂದ ಎದ್ದಿತ್ತು. ಆಗ ಫೋನ್ ಬಂತು. ಎತ್ತಿದ ಯಶೋಧಾಳ ಮುಖ ಬಿಳಿಚಿತು.

"ಅವ್ವಾ... ಸಾಹೇಬ್ರು ಮೊದಲ ಕಂಪ್ಯೂಟರ್ ಖೋಲಿಗೇ ಹೋದ್ರಂತ. ಎಲ್ಲಾ ನೋಡ್ಯಾರಂತ. ಇದನ್ನ ಇಟ್ಟೋರು ಯಾರು, ಕರೀರಿ ಅಂದ್ರಂತ."

"ಕರದ್ರ ಹೋಗೋಣ. ಅದಕ್ಯಾಕ ಅಳ್ತಿ?" ಅಂದೆ. ಇಳಕಲ್ ಸೀರೆ ಉಟ್ಟೆ. ಕೆಲಸ ಹೋಗುವುದೇ ಆದರೆ ಹೊಟ್ಟೆತುಂಬಾ ಹಾಕಿಯೇ ಕಳೆದುಕೊಳ್ಳೋಣ ಎಂದು ಎಣ್ಣೆಗಾಯಿ, ಚಟ್ನಿಪುಡಿ, ಗಟ್ಟಿ ಮೊಸರು, ಮಿರ್ಚಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿ ಯಜಮಾನರ ಕೈಗೆ ಕೊಟ್ಟೆ. ಯಶೋಧಾಳನ್ನು ಮನೆಯಲ್ಲಿ ಬಿಟ್ಟು, ಸುರಿಯುವ ಮಳೆಯಲ್ಲಿ ನಾವಿಬ್ಬರೂ ಸೈಕಲ್ ರಿಕ್ಷಾ ಹತ್ತಿದೆವು.

ಬ್ಯಾಂಕಿನಲ್ಲಿ ಆ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಅಬ್ಬಾ! ಒಣ ಗಾಳಿ! ಐದು ದಿನದ ಮೇಲೆ ನನ್ನ ಮೈ ನನ್ನದಾಯಿತು. ಕರೆಂಟಿನ ಡಬ್ಬಿಯ ಹಿಂದೆ ನನ್ನ ರೊಟ್ಟಿಗಳು ಕವಾಯತಿಗೆ ನಿಂತಂತೆ ನಿಂತಿದ್ದವು. ಮೂಲೆಯಲ್ಲಿ ಮಂಡಕ್ಕಿ ಚೀಲ. ಇನ್ನೊಂದು ಮೂಲೆಯಲ್ಲಿ ತಲೆ ತಗ್ಗಿಸಿದ ನನ್ನ ಅಳಿಯ. ನಡುವೆ ದೊಡ್ಡ ಸಾಹೇಬರು, ಗಿರಿಜಾ ಮೀಸೆ, ಬರಿಗಾಲು, ಕೈಯಲ್ಲಿ ಒಂದು ರೊಟ್ಟಿ. ಅದನ್ನು ಕಡತದ ಹಾಗೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

"ಯೇ ಕ್ಯಾ ಹೈ?"

ನನಗೆ ಹಿಂದಿ ಬರುವುದಿಲ್ಲ. ಆದರೆ ಪಕ್ಕದ ಮನೆಯ ಶರೀಫಾ ಬೀ ಜೊತೆ ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತು ಕಲಿತ ನಮ್ಮೂರ ಉರ್ದು ಇದೆ. ಆದರೂ ಆ ಹೊತ್ತಿಗೆ ಅದೂ ಬಾಯಿಗೆ ಬರಲಿಲ್ಲ. ಅವರ ಕೈಯಿಂದ ರೊಟ್ಟಿ ತೆಗೆದುಕೊಂಡು ಅವರ ಕಿವಿಯ ಹತ್ತಿರ ಹಿಡಿದು ಮುರಿದೆ.

ಕಟಕ್!

ಸಾಹೇಬರು ಕಿವಿಯನ್ನು ಇನ್ನೂ ಹತ್ತಿರ ತಂದು, "ಫಿರ್ ಏಕ್ ಬಾರ್" ಎಂದರು. ಇನ್ನೊಂದು ಮುರಿದೆ. ಅವರ ಕಣ್ಣಲ್ಲಿ ನೀರು ಬಂತು. ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತು ಅವರು ಹೇಳಿದ್ದನ್ನು ಅಳಿಯಂದಿರು ಮೆಲ್ಲಗೆ ಕನ್ನಡಕ್ಕೆ ತಂದರು. ಸಾಹೇಬರದು ರಾಜಸ್ಥಾನದ ಬಿಕಾನೇರ್. ಮರಳುಗಾಡಿನ ಊರು. ಅವರ ತಾಯಿ ಮಾಡಿದ ಹಪ್ಪಳವನ್ನು ಅಲ್ಲಿ ಮುಚ್ಚಳವಿಲ್ಲದೆ ಇಡುತ್ತಿದ್ದರು. ಪಟ್ನಾಕ್ಕೆ ಬಂದು ನಾಲ್ಕು ವರ್ಷವಾಯಿತು. ಸುಟ್ಟ ಹಪ್ಪಳ ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಚರ್ಮವಾಗುತ್ತದೆ. ನಾಲ್ಕು ವರ್ಷದಿಂದ ಅವರ ಹಲ್ಲಿಗೆ ಸದ್ದು ಮಾಡುವಂಥದ್ದು ಏನೂ ಸಿಕ್ಕಿಲ್ಲ.

"ಮನಿಗೆ ಹೋಗೋಣ್ರಿ ಸಾಹೇಬ್ರ, ಅಲ್ಲಿ ಎಲಿ ಹಾಕಿ ಬಡಸ್ತೀನಿ" ಅಂದೆ.

ಸಾಹೇಬರು ಗಾಬರಿಯಾದರು. "ಮನೆಗಾ? ದಾರಿಯಲ್ಲೇ ಇದು ಸತ್ತುಹೋಗುತ್ತದೆ!" ಎಂದು ತಾವೇ ಎದ್ದು ಹೋಗಿ ಕೋಣೆಯ ಬಾಗಿಲು ಭದ್ರವಾಗಿ ಹಾಕಿದರು, ಹೊರಗಿನ ಹವೆ ಒಳಗೆ ಬಾರದಿರಲೆಂದು. ನೆಲಕ್ಕೆ ಹಳೆಯ ಪೇಪರು ಹಾಸಿದರು. ಪದ್ಮಾಸನ ಹಾಕಿ ಕೂತರು.

ಮುಂದೆ ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳಬಾರದು. ಆದರೆ ಹೇಳುತ್ತೇನೆ. ಸಾಹೇಬರು ಎಣ್ಣೆಗಾಯಿಯ ಜೊತೆ ಒಂಬತ್ತು ರೊಟ್ಟಿ ಬಾರಿಸಿದರು. ಮೊಸರು, ಚಟ್ನಿಪುಡಿಯ ಜೊತೆ ಮತ್ತೆ ಮೂರು. ಆಮೇಲೆ ಮಂಡಕ್ಕಿಗೆ ಎಣ್ಣೆ, ಉಳ್ಳಾಗಡ್ಡಿ, ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿ ಮೇಲೆ ಎರಡು ಮಿರ್ಚಿ ಇಟ್ಟುಕೊಟ್ಟೆ. ವಾಸನೆಗೆ ಮ್ಯಾನೇಜರು, ಕ್ಯಾಶಿಯರು ಬೂಟು ಬಿಚ್ಚಿ ಒಬ್ಬೊಬ್ಬರಾಗಿ ಒಳಗೆ ನುಸುಳಿದರು. ಯಾರೂ ಮಾತಾಡುತ್ತಿರಲಿಲ್ಲ. ಕುರುಮ್ ಕುರುಮ್ ಸದ್ದು ಒಂದೇ, ನಮ್ಮ ಯಜಮಾನರ ಗಿರಣಿಯಲ್ಲಿ ಜೋಳ ಬಿದ್ದ ಹಾಗೆ. ಎಷ್ಟೋ ವರ್ಷಗಳಿಂದ ಲೆಕ್ಕವನ್ನೇ ಅಗಿದ ಆ ಕಂಪ್ಯೂಟರುಗಳಿಗೂ ಅವತ್ತು ಜನ್ಮ ಸಾರ್ಥಕವಾಗಿರಬೇಕು.

ಕೊನೆಗೆ ಸಾಹೇಬರು ಮೀಸೆ ಒರೆಸಿಕೊಂಡು, ತಪಸ್ಸಿಗೆ ಮೆಚ್ಚಿದ ದೇವರ ಹಾಗೆ ಕೈ ಎತ್ತಿದರು. "ಮಾತಾಜಿ, ಏನು ಬೇಕು ಕೇಳಿ."

ಇದೇ ಗಳಿಗೆಗಾಗಿ ನಾನು ನೂರಾ ಇಪ್ಪತ್ತು ರೊಟ್ಟಿ ಬಡಿದದ್ದು. ಶರೀಫಾ ಬೀಯ ಉರ್ದು ಈಗ ಹೊಳೆಯ ಹಾಗೆ ಬಂತು. ಸಾಹೇಬರೇ, ನನ್ನ ಮಗಳು ಒಣ ಹವೆಯಲ್ಲಿ ಬೆಳೆದವಳು. ಈ ಬೆವರಿನಲ್ಲಿ ಅವಳು ಬಾಳಲಾರಳು. ವರ್ಷದ ಹನ್ನೆರಡು ತಿಂಗಳೂ ಬಿಸಿಲಿರುವ ಊರು, ಸಂಡಿಗೆ ಸಂಜೆಗೆ ಒಣಗುವ ಊರು, ರೊಟ್ಟಿಗೆ ಮುಚ್ಚಳ ಬೇಡದ ಊರು ಒಂದಿದೆ. ಅಲ್ಲಿಗೆ ನನ್ನ ಅಳಿಯನನ್ನು ಹಾಕಿಬಿಡಿ. ನಿಮ್ಮ ಹೆಸರು ಹೇಳಿ ದೀಪ ಹಚ್ಚುತ್ತೇನೆ.

ಪಕ್ಕದಲ್ಲಿದ್ದ ಯಜಮಾನರು ಮೊಣಕೈಯಿಂದ ತಿವಿದರು. "ಲೇ, ಊರ ಹೆಸರು ಹೇಳಲೇ."

"ಸುಮ್ಮನಿರ್ರಿ! ಇಷ್ಟು ಹೇಳಿದ ಮ್ಯಾಲೂ ಹೆಸರು ಬೇಕೇನು? ಅಂಥಾ ಊರು ಎಷ್ಟು ಅದಾವು?" ಎಂದು ಅವರ ಬಾಯಿ ಮುಚ್ಚಿಸಿದೆ. ಸಾಹೇಬರು ಭಾವುಕರಾಗಿ ತಲೆಯಾಡಿಸುತ್ತಿದ್ದರು. "ಸಮಝ್ ಗಯಾ ಮಾತಾಜಿ, ಸಮಝ್ ಗಯಾ" ಎಂದು, ಎಲ್ಲ ಅರ್ಥವಾದವರಂತೆ, ನನ್ನ ಕಾಲು ಮುಟ್ಟಿದರು. ಬ್ಯಾಂಕಿನ ದೊಡ್ಡ ಸಾಹೇಬರು, ನನ್ನ ಕಾಲು!

ಊರಿಗೆ ಬಂದ ಮೇಲೆ ನಾನು ನೆಲದ ಮೇಲೆ ನಡೆಯಲಿಲ್ಲ. ಓಣಿಯಲ್ಲಿ ಹೇಳಿದೆ, ಸಂತೆಯಲ್ಲಿ ಹೇಳಿದೆ, ಮಕ್ತುಂ ಸಾಬರಿಗೆ ಅವರ ಮಂಡಕ್ಕಿ ಮಾಡಿದ ಪವಾಡವನ್ನು ಮೂರು ಸಲ ಹೇಳಿದೆ. ಅಟ್ಟದ ಕೋಣೆಗೆ ಸುಣ್ಣ ಹೊಡೆಸಿದೆ. ನಮ್ಮೂರಿನ ಬ್ಯಾಂಕಿನಲ್ಲಿ ಜಾಗವಿಲ್ಲದಿದ್ದರೂ ಇರಲಿ ಎಂದು ದಾವಣಗೆರೆಯಲ್ಲಿ ಚಲೋ ಬಾಡಿಗೆ ಮನೆ ನೋಡಿಡಲು ಬೀಗರಿಗೂ ಹೇಳಿಕಳಿಸಿದೆ. ಹಗರಿಬೊಮ್ಮನಹಳ್ಳಿಯ ಆ ನಮ್ಮ ಬೀಗಿತ್ತಿ ಎರ್ರೆಮ್ಮ ಎಂದೂ ನನ್ನನ್ನು ಹೊಗಳಿದವಳಲ್ಲ. ಆಕೆ ಕೂಡ, "ನೀವು ಗಟ್ಟಿಗಿತ್ತಿ ಬಿಡ್ರಿ" ಎಂದು ಹೇಳಿಕಳಿಸಿದಳು.

ನವೆಂಬರಿನ ಒಂದು ಭಾನುವಾರ ಫೋನ್ ಬಂತು. ಬೂತಿನಲ್ಲಿ ಅವತ್ತು ಬಸ್ಸಿನ ಜನ ಬೇರೆ ತುಂಬಿದ್ದರು. ಎಲ್ಲರಿಗೂ ಕೇಳಲಿ ಎಂದು ನಾನೇ ಗಟ್ಟಿಯಾಗಿ ಮಾತಾಡಿದೆ. "ಆರ್ಡರ್ ಬಂತೇನು?"

"ಬಂತವ್ವಾ. ಆರ್ಡರಿನ ಜೊತಿಗೆ ಸಾಹೇಬ್ರು ನಿನಗೊಂದು ಚೀಟಿ ಬರದಾರ. ಓದ್ತೀನಿ ಕೇಳು" ಅಂದಳು ಯಶೋಧಾ. ದನಿಯಲ್ಲಿ ಅಳುವೂ ಇರಲಿಲ್ಲ, ನಗುವೂ ಇರಲಿಲ್ಲ.

"ಮಾತಾಜಿಗೆ ನಮಸ್ಕಾರ. ತಾವು ಹೇಳಿದಂಥ ಊರು ಈ ಭೂಮಿಯ ಮೇಲೆ ಒಂದೇ ಇರುವುದು. ಅದು ನನ್ನ ಬಿಕಾನೇರ್. ಅಲ್ಲಿ ಜಾಗ ಖಾಲಿ ಇರಲಿಲ್ಲ. ತಮ್ಮ ಋಣ ದೊಡ್ಡದು, ಆದ್ದರಿಂದ ಇದ್ದವರನ್ನು ಎಬ್ಬಿಸಿ ಅಳಿಯಂದಿರನ್ನು ಕೂರಿಸಿದ್ದೇನೆ. ಐದು ವರ್ಷ ಅವರನ್ನು ಯಾರೂ ಅಲ್ಲಾಡಿಸದಂತೆಯೂ ನೋಡಿಕೊಂಡಿದ್ದೇನೆ."

ಫೋನಿಗೆ ಕಿವಿಯಿಟ್ಟು ಕೇಳುತ್ತಿದ್ದ ಫಿರೋಜ್ ಬಹಳ ಮರ್ಯಾದೆಯಿಂದ, "ಅಮ್ಮಾರೆ, ಬಿಕಾನೇರು ದಾವಣಗೆರೆಯಿಂದ ಎಷ್ಟು ದೂರ ಆಕ್ಕೈತ್ರಿ?" ಎಂದು ಕೇಳಿದ.

ಅತ್ತ ಕಡೆಯಿಂದ ಯಶೋಧಾ ಕೇಳುತ್ತಿದ್ದಳು. "ಅವ್ವಾ, ಖರೇ ಹೇಳು. ಅವತ್ತು ಅಷ್ಟು ಮಾತಾಡಿದ್ಯಲ್ಲಾ, ಬಾಯಿಬಿಟ್ಟು ಒಂದು ಸಲನಾದ್ರೂ ಹರಪನಹಳ್ಳಿ ಅಂದಿದ್ದೇನು?"

ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ನಾನು ಅದೊಂದು ಮಾತನ್ನು ಮಾತ್ರ ಆಡಿರಲಿಲ್ಲ.